ತುಂಬಿದ ಫೋನು, ಬೀಜದ ಕಾಳು

ಸುಗ್ಗಿಯ ಕಾಲದಲ್ಲಿ ಕಣದ ಬಳಿ ನಿಂತು ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ರೈತನು ತೆನೆಯನ್ನು ನೇರವಾಗಿ ಹಗೇವಿಗೆ ಸುರಿಯುವುದಿಲ್ಲ. ಮೊದಲು ಗಾಳಿಗೆ ತೂರುತ್ತಾನೆ; ಹೊಟ್ಟು ಹಾರಿಹೋಗುತ್ತದೆ. ಆಮೇಲೆ ಮನೆಯ ತಾಯಂದಿರು ಮೊರ ಹಿಡಿದು ಕೇರುತ್ತಾರೆ. ಕಲ್ಲು, ಜೊಳ್ಳು ಬೇರೆಯಾಗುತ್ತವೆ. ಇದೆಲ್ಲಕ್ಕೂ ಮುಂಚೆ ನಡೆಯುವ ಕೆಲಸ ಇನ್ನೊಂದುಂಟು. ದಪ್ಪ ದಪ್ಪ ತೆನೆಗಳನ್ನು ಆರಿಸಿ, ಬರುವ ವರ್ಷದ ಬಿತ್ತನೆಗೆಂದು ಬೇರೆಯಾಗಿಯೇ ತೆಗೆದಿಡುತ್ತಾರೆ. ಎಂಥ ಬರಗಾಲ ಬಂದರೂ ಆ ಬೀಜದ ಕಾಳನ್ನು ಬೀಸುವ ಕಲ್ಲಿಗೆ ಹಾಕುವುದಿಲ್ಲ. ತಿನ್ನುವ ಕಾಳು ಹೋದರೆ ಒಂದು ವರ್ಷದ ಕಷ್ಟ, ಬೀಜದ ಕಾಳು ಹೋದರೆ ಮುಂದಿನ ಬದುಕೇ ಇಲ್ಲ ಎಂಬ ವಿವೇಕ ನಮ್ಮ ಹಿರಿಯರಿಗಿತ್ತು.

ಇಂದು ಎಲ್ಲರ ಜೇಬಿನಲ್ಲಿಯೂ ಒಂದು ಪುಟ್ಟ ಹಗೇವು ಬಂದು ಕುಳಿತಿದೆ. ಅದೇ ಮೊಬೈಲ್ ಫೋನು. ಅದರಲ್ಲಿ ಮಗಳ ಮದುವೆಯ ಚಿತ್ರವಿದೆ, ಹೊಲದ ಪಹಣಿಯ ಫೋಟೋ ಇದೆ, ಆಸ್ಪತ್ರೆಯ ಚೀಟಿ ಇದೆ. ಅವುಗಳ ಜೊತೆಗೇ ಯಾರೋ ಕಳಿಸಿದ ಗುಲಾಬಿ ಹೂವು, ಸೂರ್ಯೋದಯ, ನಗೆಹನಿ, ಒಂದೇ ವಿಡಿಯೋದ ಆರು ಪ್ರತಿಗಳೂ ಇವೆ. ತೂರದೆ, ಕೇರದೆ ತುಂಬುತ್ತಲೇ ಇದ್ದರೆ ಯಾವ ಹಗೇವು ತಾನೇ ತಡೆದೀತು? ಒಂದು ದಿನ ಫೋನು 'ಜಾಗವಿಲ್ಲ' ಎನ್ನುತ್ತದೆ. ಆಗ ನಾವು ಗಾಬರಿಯಿಂದ ಸಿಕ್ಕಿದ್ದನ್ನೆಲ್ಲ ಅಳಿಸಲು ತೊಡಗುತ್ತೇವೆ. ಅನರ್ಥವಾಗುವುದು ಅಲ್ಲಿಯೇ.

ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಅವರ ಮಗಳು ಪುಣೆಯಲ್ಲಿರುವವಳು. ಅವಳ ಬಾಣಂತನಕ್ಕೆಂದು ಶಿಕ್ಷಕರ ಪತ್ನಿ ಮೂರು ತಿಂಗಳು ಅಲ್ಲಿಗೆ ಹೋಗಿದ್ದರು. ಆ ತಾಯಿಗೆ ಓದು ಬರಹ ಅಷ್ಟಾಗಿ ಬಾರದು. ಮಗಳ ಫೋನಿನಲ್ಲಿಯೇ ವಾಟ್ಸ್‌ಆ್ಯಪ್ ಮೂಲಕ ದಿನವೂ ಪತಿಗೆ ತಮ್ಮ ದನಿಯನ್ನು ಕಳಿಸುತ್ತಿದ್ದರು. "ಊಟ ಮಾಡಿದ್ರೇನು? ಗುಳಿಗಿ ತಗೊಂಡ್ರೇನು? ಎಮ್ಮಿ ಹಿಂಡಾಕ ಆ ಹುಡುಗ ಬಂದಿದ್ನೇನು?" ಇಷ್ಟೇ ಮಾತು. ಶಿಕ್ಷಕರು ಕೇಳಿ, ಒಂದು ಉತ್ತರ ಹೇಳಿ, ಮರೆತುಬಿಡುತ್ತಿದ್ದರು. ಊರಿಗೆ ಮರಳಿದ ಮರುವರ್ಷ ಆ ತಾಯಿ ತೀರಿಕೊಂಡರು.

ಬೇಸಿಗೆಯ ರಜೆಯಲ್ಲಿ ಮಗನ ಮಗ ಊರಿಗೆ ಬಂದ. ಅಜ್ಜನ ಫೋನಿನಲ್ಲಿ ಹೊಸ ಚಿತ್ರ ತೆರೆಯುತ್ತಿರಲಿಲ್ಲ, ಕ್ಯಾಮೆರಾ ಕೆಲಸ ಮಾಡುತ್ತಿರಲಿಲ್ಲ. ಹುಡುಗ ನೋಡಿ, "ಅಜ್ಜಾ, ನಿನ್ನ ಫೋನು ಪೂರ್ತಿ ತುಂಬೈತಿ. ಇದನ್ನೆಲ್ಲಾ ತಗದು ಒಗೀಲೇನು?" ಎಂದು ಕೇಳಿದ.

"ಒಗಿಯಪ್ಪಾ. ಅದರಾಗಿಂದು ನನಗೇನು ಗೊತ್ತಾಗ್ತೈತಿ?" ಎಂದರು ಅಜ್ಜ.

ಹುಡುಗನದು ತಪ್ಪೇನೂ ಇಲ್ಲ. ಪುಣೆಯ ಅತ್ತೆಯ ಸಂಭಾಷಣೆಯಲ್ಲಿ ಕೂಸಿನ ದೊಡ್ಡ ದೊಡ್ಡ ವಿಡಿಯೋಗಳಿದ್ದವು. ಹೆಚ್ಚು ಜಾಗ ಹಿಡಿದದ್ದು ಅದೇ ಎಂದು, ಒಳಗಿನ ಕಡತಗಳ ಸಮೇತ ಇಡೀ ಸಂಭಾಷಣೆಯನ್ನೇ ಅಳಿಸಿದ. ಫೋನು ಹಗುರವಾಯಿತು. ಆ ರಾತ್ರಿ ಹೊಸ ಬ್ಯಾಕಪ್ ಆಗಿ ಹಳೆಯ ಬ್ಯಾಕಪ್ಪಿನ ಸ್ಥಾನವನ್ನು ಅದು ಆಕ್ರಮಿಸಿತು. ನಾಲ್ಕು ತಿಂಗಳ ಮೇಲೆ, ಪತ್ನಿಯ ಪುಣ್ಯತಿಥಿಯ ದಿನ, ಒಮ್ಮೆ ಆ ದನಿ ಕೇಳಬೇಕೆಂಬ ಆಸೆ ಶಿಕ್ಷಕರಿಗಾಯಿತು. ಹುಡುಕಿದರು. ಇರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಆ ಹಿರಿಯರು ಫೋನನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತುಬಿಟ್ಟರು.

ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದ ಒಂದು ವಿಚಾರವಿದೆ. ಅರ್ಧ ನಿಮಿಷದ ಧ್ವನಿ ಸಂದೇಶವು ಫೋನಿನ ಕ್ಯಾಮೆರಾದಿಂದ ತೆಗೆದ ಒಂದು ಚಿತ್ರದ ಹತ್ತನೆಯ ಒಂದು ಪಾಲಿನಷ್ಟೂ ಜಾಗ ಹಿಡಿಯುವುದಿಲ್ಲ. ಆ ತಾಯಿಯ ಎಲ್ಲ ಮಾತುಗಳನ್ನು ಕೂಡಿಸಿದರೂ ಒಂದು ಸಣ್ಣ ವಿಡಿಯೋದಷ್ಟಾಗುತ್ತಿರಲಿಲ್ಲ. ಅವು ಇದ್ದುದರಿಂದ ಫೋನು ತುಂಬಲಿಲ್ಲ. ಅವು ಹೋದುದರಿಂದ ಫೋನು ಹಗುರವೂ ಆಗಲಿಲ್ಲ. ಬೆಲೆಯುಳ್ಳದ್ದು ಬಹುಪಾಲು ಚಿಕ್ಕದಾಗಿರುತ್ತದೆ. ಜಾಗ ತಿನ್ನುವುದು ಬೇರೆಯೇ ಆಗಿರುತ್ತದೆ. ಹಾಗಾದರೆ ಜಾಗ ತಿನ್ನುವುದು ಯಾವುದು?

2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ನಮ್ಮ ದೇಶದ ಬಗ್ಗೆ ಒಂದು ವರದಿಯನ್ನು ಪ್ರಕಟಿಸಿತು. ಭಾರತದಲ್ಲಿ ಮೂವರಲ್ಲಿ ಒಬ್ಬರ ಫೋನು ಪ್ರತಿದಿನ ಜಾಗ ಸಾಲದೆ ತುಂಬಿಹೋಗುತ್ತದೆ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರದು ಮಾತ್ರ ಎಂದು ಅದರಲ್ಲಿತ್ತು. ಕಾರಣವೇನೆಂದು ಗೂಗಲ್ ಸಂಸ್ಥೆಯವರು ಹುಡುಕಿದಾಗ ಅವರಿಗೆ ಕಂಡದ್ದು ನಮ್ಮ 'ಶುಭೋದಯ'ದ ಚಿತ್ರಗಳು! ಹೂವು, ಹಕ್ಕಿ, ದೇವರ ಪಟ, ಕೂಸಿನ ನಗು, ಅದರ ಮೇಲೊಂದು ಹಾರೈಕೆ. ಇವನ್ನು ಗುರುತಿಸಿ ತೆಗೆದುಹಾಕಲು ಸಹಾಯ ಮಾಡುವ ಒಂದು ಆ್ಯಪನ್ನು ಅವರು 2017ರ ಡಿಸೆಂಬರಿನಲ್ಲಿ ಹೊರತಂದಿದ್ದರು. 'ಫೈಲ್ಸ್ ಗೋ' ಎಂದು ಆರಂಭವಾದ ಅದನ್ನು ಇಂದು 'ಫೈಲ್ಸ್' ಎಂದು ಕರೆಯುತ್ತಾರೆ. ಬೆಳಗಾಗೆದ್ದು ಒಳ್ಳೆಯದನ್ನು ಹಾರೈಸುವುದು ನಮ್ಮ ಸಂಸ್ಕೃತಿ, ಸರಿಯೇ. ಆದರೆ ಹಾರೈಕೆಯು ಹೃದಯದಿಂದ ಹೃದಯಕ್ಕೆ ಹೋಗಬೇಕಲ್ಲದೆ, ಒಂದು ಫೋನಿನ ಕಸ ಇನ್ನೊಂದು ಫೋನಿಗೆ ಹೋಗಬಾರದಷ್ಟೆ.

ಜಾಗದ ಬೆಲೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ನೋಡಬೇಕು. 1956ರಲ್ಲಿ ಐಬಿಎಂ ಕಂಪನಿಯು ರಾಮ್ಯಾಕ್ ಎಂಬ ಯಂತ್ರವನ್ನು ತಯಾರಿಸಿತು. ಎರಡು ಅಡಿ ಅಗಲದ 50 ತಟ್ಟೆಗಳು ಅದರ ಸ್ಮರಣ ಭಂಡಾರ. ಭಾರ ಒಂದು ಟನ್ನಿಗೂ ಮಿಗಿಲು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಫೋನಿನಲ್ಲಿ ತೆಗೆದ ಒಂದೇ ಒಂದು ಚಿತ್ರಕ್ಕೆ ಹೆಚ್ಚುಕಡಿಮೆ ಅಷ್ಟು ಜಾಗ ಬೇಕು. ಜಾಗ ದುಬಾರಿಯಾಗಿದ್ದಾಗ ಮನುಷ್ಯ ಆಲೋಚಿಸಿ ಇಡುತ್ತಿದ್ದ. ಅಗ್ಗವಾದ ಮೇಲೆ ಆಲೋಚನೆಯೂ ನಿಂತುಹೋಯಿತು.

ಫೋನಿನೊಳಗಿರುವುದು 'ಫ್ಲ್ಯಾಶ್ ಮೆಮೊರಿ' ಎಂಬ ಸ್ಮರಣ ಭಂಡಾರ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುವೋಕಾ ಎಂಬ ವಿಜ್ಞಾನಿ ಇದನ್ನು 1984ರಲ್ಲಿ ಜಗತ್ತಿನ ಮುಂದಿಟ್ಟರು. ಇದರಲ್ಲಿ ಬರೆದದ್ದು ಒಮ್ಮೆಲೇ ಅಳಿಸಿಹೋಗುವುದನ್ನು ಕಂಡು ಅವರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ಬೆಳಕು ನೆನಪಾಯಿತಂತೆ. ಆ ಹೆಸರೇ ಉಳಿಯಿತು. ನೋಡಿ, ನೆನಪಿನ ಭಂಡಾರಕ್ಕೆ ಹೆಸರು ಬಂದದ್ದು ಅಳಿಸುವ ಗುಣದಿಂದ! ಪಾಟಿಯ ಮೇಲೆ ಬರೆಯುವ ಮಗುವು ಹಳೆಯದನ್ನು ಒರೆಸದೆ ಹೊಸದನ್ನು ಬರೆಯಲಾರದು. ಇಲ್ಲಿಯೂ ಹಾಗೆಯೇ. ಆದರೆ ಇಲ್ಲಿ ಒಂದೊಂದೇ ಅಕ್ಷರವನ್ನು ಒರೆಸಲು ಬರುವುದಿಲ್ಲ. ಒಂದಿಡೀ ಭಾಗವನ್ನೇ ಒರೆಸಬೇಕು. ಆ ಭಾಗದಲ್ಲಿ ಬೇಕಾದದ್ದು ಇದ್ದರೆ ಅದನ್ನು ಮೊದಲು ಬೇರೆ ಕಡೆಗೆ ಸಾಗಿಸಬೇಕು. ಹೀಗೆ ಸಾಗಿಸಲು ಒಳಗೆ ಖಾಲಿ ಜಾಗವಿರಲೇಬೇಕು. ಗಂಟಲತನಕ ತುಂಬಿದ ಫೋನು ನಿಧಾನವಾಗುವುದಕ್ಕೆ ಇದೂ ಒಂದು ಕಾರಣ. ಬೇಕಾದದ್ದನ್ನು ಮೊದಲು ಸಾಗಿಸು, ಆಮೇಲೆ ಒರೆಸು ಎಂಬ ನಿಯಮವನ್ನು ಆ ಜಡವಸ್ತುವೇ ಪಾಲಿಸುತ್ತದೆ. ಬುದ್ಧಿಯುಳ್ಳ ನಾವು ಪಾಲಿಸಬೇಡವೇ?

ಆದ್ದರಿಂದ ಮೊದಲ ಕೆಲಸ, ಬೀಜದ ಕಾಳನ್ನು ತೆಗೆದಿಡುವುದು. ಯಾವುದು ಹೋದರೆ ಮತ್ತೆ ಸಿಗುವುದಿಲ್ಲವೋ ಅದೇ ಬೀಜದ ಕಾಳು. ಅಗಲಿದವರ ದನಿ, ಹಳೆಯ ಚಿತ್ರ, ಕಾಗದ ಪತ್ರಗಳ ಫೋಟೋ, ಇವುಗಳನ್ನು ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಇಳಿಸಿಕೊಳ್ಳಿ. ಒಂದೇ ಕಡೆ ಇಡಬೇಡಿ, ಎರಡು ಕಡೆ ಇಡಿ. ಪೆನ್ ಡ್ರೈವ್ ಕೂಡ ಶಾಶ್ವತವಲ್ಲ. ವರ್ಷಕ್ಕೊಮ್ಮೆ ತೆರೆದು ನೋಡುತ್ತಿರಬೇಕು, ಬೀಜದ ಕಾಳಿಗೆ ಹುಳು ಹತ್ತಿತೇನೋ ಎಂದು ನೋಡುವ ಹಾಗೆ.

ಗೂಗಲ್ ಫೋಟೋಸ್‌ನಲ್ಲಿ ಇಡುತ್ತೇವೆ ಎನ್ನುವವರು ಕೆಲವು ಮಾತುಗಳನ್ನು ತಿಳಿದಿರಬೇಕು. 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿದೆ. ಉಚಿತವಾಗಿ ಸಿಗುವುದು 15 ಗಿಗಾಬೈಟ್. ಅದರಲ್ಲಿಯೇ ಜಿಮೇಲ್ ಪತ್ರಗಳೂ ಬರಬೇಕು. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಬ್ಯಾಕಪ್ ಆಗಿದೆಯೆಂಬ ಧೈರ್ಯದಿಂದ ಆ ಆ್ಯಪಿನಲ್ಲಿಯೇ ಚಿತ್ರವನ್ನು ಆರಿಸಿ ಅಳಿಸಿದರೆ, ಫೋನಿನಲ್ಲಿಯೂ ಹೋಗುತ್ತದೆ, ಅಲ್ಲಿಯೂ ಹೋಗುತ್ತದೆ. ಅಲ್ಲಿ ಉಳಿಸಿಕೊಂಡು ಫೋನಿನಲ್ಲಿ ಮಾತ್ರ ತೆಗೆಯಲು 'ಫ್ರೀ ಅಪ್ ಸ್ಪೇಸ್' ಎಂಬ ಬೇರೆ ಗುಂಡಿಯೇ ಇದೆ. ಎರಡಕ್ಕೂ ಇರುವ ಅಂತರ ತಿಳಿಯದೆ ಮಕ್ಕಳ ಬಾಲ್ಯದ ಚಿತ್ರಗಳನ್ನೇ ಕಳೆದುಕೊಳ್ಳಬಹುದು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ತೆಗೆದುಹಾಕಬಹುದೆಂಬ ನಿಯಮವೂ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತೀರಿಹೋದವರ ಖಾತೆಯಲ್ಲಿ ಚಿತ್ರಗಳಿದ್ದರೆ ಇದನ್ನು ನೆನಪಿಡಬೇಕು.

ಬೀಜ ತೆಗೆದಿಟ್ಟ ಮೇಲೆ ನಿಶ್ಚಿಂತೆಯಿಂದ ತೂರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್' ಎಂಬಲ್ಲಿಗೆ ಹೋದರೆ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ ಸಿಗುತ್ತದೆ. ಲೆಕ್ಕ ನೋಡದೆ ಕೈ ಹಾಕಬೇಡಿ. ವಾಟ್ಸ್‌ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ', ಅದರಲ್ಲಿ 'ಮ್ಯಾನೇಜ್ ಸ್ಟೋರೇಜ್' ಎಂದಿದೆ. 2020ರ ನವೆಂಬರಿನಲ್ಲಿ ಬಂದ ಈ ವ್ಯವಸ್ಥೆಯಲ್ಲಿ 5 ಮೆಗಾಬೈಟ್‌ಗಿಂತ ದೊಡ್ಡ ಕಡತಗಳು ಒಂದು ಕಡೆ, ಬಹಳ ಸಲ ಫಾರ್ವರ್ಡ್ ಆದವು ಇನ್ನೊಂದು ಕಡೆ ರಾಶಿಯಾಗಿರುತ್ತವೆ. ಹೊಟ್ಟು ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಸಂಭಾಷಣೆಯನ್ನೇ ಅಳಿಸುವ ಅಗತ್ಯವಿಲ್ಲ. ಅಲ್ಲಿ ಕಂಡ ವಿಡಿಯೋಗಳನ್ನು ನೋಡಿ ನೋಡಿ ತೆಗೆದರೆ ಸಾಕು. ಆ ಹುಡುಗನಿಗೆ ಇದೊಂದು ಮಾತು ಗೊತ್ತಿದ್ದರೆ ಅಜ್ಜಿಯ ದನಿ ಉಳಿಯುತ್ತಿತ್ತು.

ಬಳಸದ ಆ್ಯಪುಗಳನ್ನು ತೆಗೆಯಬಹುದು. ಇಟ್ಟುಕೊಳ್ಳುವ ಆ್ಯಪಿನ 'ಕ್ಯಾಶ್' ಎಂಬುದನ್ನು ಅಳಿಸಿದರೆ ಹಾನಿಯಿಲ್ಲ. ಅದು ಕೆಲಸದ ನಡುವೆ ಉದುರಿದ ಸಿಪ್ಪೆ. ಆದರೆ ಪಕ್ಕದಲ್ಲಿಯೇ ಇರುವ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಎಂಬುದನ್ನು ಒತ್ತಿದರೆ ಆ ಆ್ಯಪಿನ ಒಳಗೆ ಕೂಡಿಟ್ಟದ್ದೆಲ್ಲ ಹೋಗುತ್ತದೆ. ಫೋನು ಸ್ವಚ್ಛ ಮಾಡುತ್ತೇವೆಂದು ಜಾಹೀರಾತು ಹೊತ್ತು ಬರುವ ಅಪರಿಚಿತ ಆ್ಯಪುಗಳ ಗೊಡವೆಯೇ ಬೇಡ. ಕಸ ಗುಡಿಸಲು ಬಂದವನು ಮನೆಯಲ್ಲಿಯೇ ಕುಳಿತರೆ ಏನು ಮಾಡುವುದು?

ಗ್ಯಾಲರಿಯಿಂದ ಅಳಿಸಿದ ಚಿತ್ರ ಕೂಡಲೇ ಹೋಗುವುದಿಲ್ಲ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ, ಬ್ಯಾಕಪ್ ಆದ ಚಿತ್ರ 60 ದಿನ, ಆಗದ ಚಿತ್ರ 30 ದಿನ ಇರುತ್ತದೆ. ಪಶ್ಚಾತ್ತಾಪಕ್ಕೆ ಕೊಟ್ಟ ಕಾಲಾವಕಾಶವೆಂದು ಇದನ್ನು ತಿಳಿಯಬಹುದು. ಜಾಗ ಕೂಡಲೇ ಬೇಕಾದರೆ ಬುಟ್ಟಿಯನ್ನೂ ಬರಿದು ಮಾಡಬೇಕು. ಅದಕ್ಕೆ ಮುನ್ನ ಇನ್ನೊಮ್ಮೆ ನೋಡಬೇಕು.

ಇಷ್ಟು ಮಾಡಿಯೂ ಬಾಗಿಲನ್ನು ತೆರೆದೇ ಇಟ್ಟರೆ ತಿಂಗಳೊಳಗೆ ಮತ್ತೆ ಅದೇ ಪಾಡು. ವಾಟ್ಸ್‌ಆ್ಯಪಿನಲ್ಲಿ ಬಂದದ್ದೆಲ್ಲ ತಾನಾಗಿಯೇ ಇಳಿಯುವುದನ್ನು 'ಮೀಡಿಯಾ ಆಟೋ ಡೌನ್‌ಲೋಡ್' ಎಂಬಲ್ಲಿ ನಿಲ್ಲಿಸಬಹುದು. ಆಗ ನಾವು ಮುಟ್ಟಿದ್ದು ಮಾತ್ರ ಒಳಗೆ ಬರುತ್ತದೆ. ಕಾಲು ತೊಳೆದು ಒಳಗೆ ಬರುವ ಪದ್ಧತಿ ನಮ್ಮ ಮನೆಗಳಲ್ಲಿ ಇದ್ದೇ ಇತ್ತು. ಅಂತೆಯೇ ನಮ್ಮಿಂದ ಹೊರಗೆ ಹೋಗುವುದರ ಮೇಲೂ ನಿಗಾ ಇರಲಿ. ಒಂದು ಚಿತ್ರವನ್ನು ನೂರು ಜನರ ಗುಂಪಿಗೆ ಕಳಿಸುವ ಮುಂಚೆ, ಇದು ಯಾರಿಗೆ ಬೇಕು ಎಂದು ಒಂದು ಕ್ಷಣ ಕೇಳಿಕೊಂಡರೆ ನೂರು ಫೋನುಗಳಲ್ಲಿ ಜಾಗ ಉಳಿಯುತ್ತದೆ.

ಇನ್ನು ಶಿಕ್ಷಕರ ವಿಷಯಕ್ಕೆ ಬರೋಣ. ನಮ್ಮ ಫೋನಿನಲ್ಲಿ ಸಂಭಾಷಣೆಯನ್ನು ಅಳಿಸಿದರೆ ನಮ್ಮ ಪ್ರತಿ ಮಾತ್ರ ಹೋಗುತ್ತದೆ. ಕಳಿಸಿದವರ ಫೋನಿನಲ್ಲಿ ಅವರ ಪ್ರತಿ ಹಾಗೆಯೇ ಇರುತ್ತದೆ. ಈ ಮಾತು ತಿಳಿದ ಮೇಲೆ ಅವರು ಪುಣೆಯ ಮಗಳಿಗೆ ಹೇಳಿಕಳಿಸಿದರು. ಅವಳು ಆ ವೇಳೆಗೆ ಫೋನು ಬದಲಿಸಿದ್ದಳು. ಹಳೆಯದು ಕಪಾಟಿನಲ್ಲಿ ಬಿದ್ದಿತ್ತು. ಚಾರ್ಜಿಗೆ ಹಾಕಿದಾಗ ಅರ್ಧ ಗಂಟೆಯ ಮೇಲೆ ಅದಕ್ಕೆ ಜೀವ ಬಂತು. ಅವಳೂ ಜಾಗ ಸಾಲದೆ ಆಗಾಗ ಅಳಿಸಿದವಳೇ. ಎಷ್ಟೋ ಸಂದೇಶಗಳಲ್ಲಿ ನಾಲ್ಕು ಮಾತ್ರ ಉಳಿದಿದ್ದವು. ಅವುಗಳಲ್ಲೊಂದು ಗುಳಿಗೆಯ ಮಾತು, ಇನ್ನೊಂದು ಎಮ್ಮೆಯ ಮಾತು. ಆ ನಾಲ್ಕನ್ನು ಎರಡು ಪೆನ್ ಡ್ರೈವಿಗೆ ಇಳಿಸಿ, ಒಂದನ್ನು ಮಗಳ ಮನೆಯಲ್ಲಿ, ಒಂದನ್ನು ತಮ್ಮ ಮನೆಯ ಪೆಟ್ಟಿಗೆಯಲ್ಲಿ, ಹೊಲದ ಕಾಗದಗಳ ಜೊತೆ ಇಟ್ಟಿದ್ದಾರೆ.

ಈಗ ಅಮಾವಾಸ್ಯೆಗೊಮ್ಮೆ, ಎತ್ತುಗಳಿಗೆ ಬಿಡುವಿರುವ ದಿನ, ಅವರೂ ಫೋನು ಹಿಡಿದು ಜಗಲಿಯ ಮೇಲೆ ಕೂಡುತ್ತಾರೆ. ರಜೆಯಲ್ಲಿ ಊರಿಗೆ ಬಂದಾಗ ಮೊಮ್ಮಗನೂ ಪಕ್ಕದಲ್ಲಿರುತ್ತಾನೆ. ಪ್ರತಿಯೊಂದನ್ನು ಅಳಿಸುವ ಮುಂಚೆ ಅವನು ಅಜ್ಜನ ಮುಖ ನೋಡಿ ಕೇಳುತ್ತಾನೆ:

"ಅಜ್ಜಾ, ಇದು ಹೊಟ್ಟೋ, ಕಾಳೋ?"

ನಮ್ಮ ಫೋನನ್ನು ಬರಿದು ಮಾಡಲು ಕುಳಿತಾಗ ನಾವೂ ಈ ಮಾತನ್ನು ಕೇಳಿಕೊಳ್ಳೋಣ. ಅಳಿಸಲು ಒಂದು ಬೆರಳು ಸಾಕು, ಉಳಿಸಲು ಮನಸ್ಸು ಬೇಕು.