ಜಾಲತಾಣದ ಕಡತಗಳಿಗೂ ಖಾತೆಯ ಶಿಸ್ತು

ಮಾರಾಟದ ಷರತ್ತುಗಳನ್ನು ಜಾಲತಾಣದಲ್ಲಿ ಪ್ರಕಟಿಸುವ ಉದ್ದಿಮೆಗಳಲ್ಲಿ, ಷರತ್ತು ಬದಲಾದೊಡನೆ ಹಳೆಯ ಪಠ್ಯವನ್ನು ಅಳಿಸಿ ಅಲ್ಲಿಯೇ ಹೊಸದನ್ನು ತುಂಬುವ ವಾಡಿಕೆಯುಂಟು. ಲೆಕ್ಕದ ಪುಸ್ತಕದಲ್ಲಿ ಯಾವ ಗುಮಾಸ್ತನೂ ಹೀಗೆ ಮಾಡಲಾರ. ಆರು ತಿಂಗಳ ಹಿಂದೆ ಕೊಂಡ ಸರಕಿನ ಬಗ್ಗೆ ಗ್ರಾಹಕನು ತಕರಾರೆತ್ತಿದರೆ, ಅಂದು ಜಾರಿಯಲ್ಲಿದ್ದ ಷರತ್ತನ್ನು ತೋರಿಸಲು ವರ್ತಕನ ಬಳಿ ಏನೂ ಉಳಿದಿರುವುದಿಲ್ಲ.

ಆದುದರಿಂದ ಡೇಟಾಬೇಸಿನಲ್ಲಿ ಎರಡು ಕೋಷ್ಟಕಗಳಿರಬೇಕು. ಮೊದಲನೆಯದರಲ್ಲಿ ಪ್ರತಿ ಕಡತಕ್ಕೆ ಒಂದೇ ಸಾಲು: ಕ್ರಮಸಂಖ್ಯೆ, ಹೆಸರು. ಎರಡನೆಯದರಲ್ಲಿ ಪ್ರತಿ ಆವೃತ್ತಿಗೂ ಒಂದು ಸಾಲು: ಕಡತದ ಕ್ರಮಸಂಖ್ಯೆ, ಪೂರ್ಣ ಪಠ್ಯ, ಜಾರಿಗೆ ಬಂದ ದಿನಾಂಕ, ಬದಲಿಸಿದವರ ಹೆಸರು. ಬರೆದ ಸಾಲನ್ನು ಮತ್ತೆ ತಿದ್ದಕೂಡದು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ಉಳಿಯುವುದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಷರತ್ತುಪತ್ರಗಳಿಗೆ ಆ ನಿಯಮವಿಲ್ಲದಿದ್ದರೂ ಅದೇ ಶಿಸ್ತು ಒಪ್ಪುತ್ತದೆ.

ಕನ್ನಡ ಪಠ್ಯಕ್ಕೆ ಇನ್ನೊಂದು ತೊಡಕಿದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಟೆಕ್ಸ್ಟ್’ ಬಗೆಯ ಅಂಕಣದ ಮಿತಿ 65,535 ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು, ‘ಕ್ಷಿ’ ಒಂದಕ್ಕೇ ಹನ್ನೆರಡು. ಕಟ್ಟುನಿಟ್ಟಿನ ವ್ಯವಸ್ಥೆ ಅಳವಡಿಸದ ಸರ್ವರ್ ಮಿತಿ ಮೀರಿದ ಭಾಗವನ್ನು ಕತ್ತರಿಸಿ, ಕೇವಲ ಎಚ್ಚರಿಕೆಯೊಂದನ್ನು ನೀಡಿ ಮುಂದೆ ಸಾಗುತ್ತದೆ. ವ್ಯಾಜ್ಯ ಪರಿಹಾರದ ಷರತ್ತು ಇರುವುದು ಸಾಮಾನ್ಯವಾಗಿ ಕೊನೆಯ ಪುಟದಲ್ಲಿಯೇ! ‘ಮೀಡಿಯಂಟೆಕ್ಸ್ಟ್’ ಆರಿಸಿದರೆ ಸುಮಾರು 16 ಎಂಬಿ ಸ್ಥಳ ದೊರೆಯುತ್ತದೆ.