ಜಾರುಬಂಡಿಯ ಹಲಗೆ ಆಕಾಶಕ್ಕೇರಿತು

ಇದು ಕಟ್ಟುಕಥೆಯಲ್ಲ, ನಿಜಕ್ಕೂ ನಡೆದದ್ದು! 1921ರ ಮಾರ್ಚ್. ಕೆನಡಾದ ವಾಯವ್ಯ ಭಾಗದಲ್ಲಿ ಲಿಯರ್ಡ್ ನದಿ ಮೆಕೆಂಝಿಯನ್ನು ಕೂಡುವ ಜಾಗದಲ್ಲಿ ಫೋರ್ಟ್ ಸಿಂಪ್ಸನ್ ಎಂಬ ಪುಟ್ಟ ಊರು. ಸುತ್ತ ಕಾಡು, ಹಿಮ, ಹೆಪ್ಪುಗಟ್ಟಿದ ನದಿ. ಹಿಂದಿನ ವರ್ಷವಷ್ಟೇ ಇನ್ನೂ ಉತ್ತರಕ್ಕೆ, ನಾರ್ಮನ್ ವೆಲ್ಸ್‌ನಲ್ಲಿ ತೈಲ ಸಿಕ್ಕಿತ್ತು. ಅಲ್ಲಿಗೆ ಬೇಗ ತಲುಪಬೇಕೆಂದು ಇಂಪೀರಿಯಲ್ ಆಯಿಲ್ ಕಂಪನಿ ಎರಡು ಯೂಂಕರ್ಸ್ ವಿಮಾನಗಳನ್ನು ಕೊಂಡು, ‘ರೆನೆ’, ‘ವಿಕ್’ ಎಂದು ಹೆಸರಿಟ್ಟು ಹಾರಿಸಿತ್ತು. ಫೋರ್ಟ್ ಸಿಂಪ್ಸನ್‌ನಲ್ಲಿ ಇಳಿಯುವಾಗ ರೆನೆ ಹಿಮದಲ್ಲಿ ಮುಗ್ಗರಿಸಿತು. ಪ್ರೊಪೆಲ್ಲರೂ ಸ್ಕೀಯೂ ಮುರಿದವು. ವಿಕ್‌ನ ಎಂಜಿನ್ ಕೈಕೊಟ್ಟಿತ್ತು. ಸರಿ, ವಿಕ್‌ನ ಪ್ರೊಪೆಲ್ಲರ್ ಬಿಚ್ಚಿ ರೆನೆಗೆ ಜೋಡಿಸಿ ಮೇಲೇರಲು ನೋಡಿದರೆ ಅದೂ ನೆಲಕ್ಕೆ ಬಡಿದು ಚೂರು!

ಈಗೇನು ಗತಿ? ರಸ್ತೆಯಿಲ್ಲ. ನದಿ ಕರಗಿ ದೋಣಿ ಬರುವುದು ಬೇಸಿಗೆಗೆ.

ಮೆಕ್ಯಾನಿಕ್ ಬಿಲ್ ಹಿಲ್ ಕೈಕಟ್ಟಿ ಕೂರಲಿಲ್ಲ. ಹಡ್ಸನ್ಸ್ ಬೇ ಕಂಪನಿಯ ಮರಗೆಲಸದವ ವಾಲ್ಟರ್ ಜಾನ್ಸನ್ ಜೊತೆಯಾದ. ಜಾರುಬಂಡಿಗೆಂದು ಇಟ್ಟಿದ್ದ ಓಕ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದರು. ಅಂಟು ಯಾವುದು ಗೊತ್ತೇ? ಮೂಸ್ ಎಂಬ ದೈತ್ಯ ಕಡವೆಯ ಚರ್ಮದ್ದು! ಆಮೇಲೆ ಕೆತ್ತನೆ. ಪ್ರೊಪೆಲ್ಲರ್ ಎಂದರೆ ಬರಿ ಹಲಗೆಯಲ್ಲ. ನಡುವಿನಿಂದ ತುದಿಯವರೆಗೆ ಅದರ ಓರೆ ಇಂಚಿಂಚಿಗೂ ಬದಲಾಗಬೇಕು. ಎರಡೂ ಕಡೆಯ ತೂಕ ಸಮನಾಗಿರಬೇಕು. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ತೂಕ ಸ್ವಲ್ಪ ಏರುಪೇರಾದರೂ ಅದರ ನಡುಕಕ್ಕೆ ಎಂಜಿನ್ ಕಿತ್ತುಬಂದೀತು. ವಿಕ್‌ನ ಎಂಜಿನ್ ಸರಿಪಡಿಸಿ, ಆ ಕೈಕೆತ್ತನೆಯ ಪ್ರೊಪೆಲ್ಲರನ್ನು ಅದಕ್ಕೆ ಕಟ್ಟಿ, ಏಪ್ರಿಲ್‌ನಲ್ಲಿ ಪೈಲಟ್ ಎಲ್ಮರ್ ಫುಲರ್ಟನ್ ಹಾರಿಯೇಬಿಟ್ಟ! 600 ಕಿ.ಮೀ.ಗೂ ದೂರದ ಪೀಸ್ ರಿವರ್ ಊರಿಗೆ ಕ್ಷೇಮವಾಗಿ ತಲುಪಿದ. ಒಟ್ಟಾವದ ವಿಮಾನ ಸಂಗ್ರಹಾಲಯದಲ್ಲಿ ಆ ಕೆತ್ತನೆ ಇಂದಿಗೂ ಇದೆ.

ಉತ್ತರದ ಕಾಡುಗಳಲ್ಲಿ ಹಾರಿದ ಆ ‘ಬುಷ್ ಪೈಲಟ್’ಗಳ ಚರಿತ್ರೆಯನ್ನು ಕೆದಕಿದಷ್ಟೂ ಬೆರಗು ಹೆಚ್ಚುತ್ತದೆ. ಅಲ್ಲಿ ಸುರಕ್ಷತೆ ಎಂದರೆ ಬೀಳದಿರುವುದಲ್ಲ, ಬಿದ್ದ ಮೇಲೆ ಬದುಕಿ ಬರುವುದು. ಬೀಳುವುದಂತೂ ಇದ್ದದ್ದೇ. ಅಲಾಸ್ಕದ ಕಾರ್ಲ್ ಬೆನ್ ಐಯೆಲ್ಸನ್ 1924ರ ಫೆಬ್ರವರಿಯಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಮೆಗ್ರಾತ್‌ಗೆ ಅಂಚೆ ಹೊತ್ತು ಹಾರಿದ. ನಾಯಿಬಂಡಿಗೆ ವಾರಗಳೇ ಹಿಡಿಯುವ ದಾರಿ ಮೂರು ಗಂಟೆಯೊಳಗೆ ಮುಗಿಯಿತು! ಹಿಂತಿರುಗುವಾಗ ಕತ್ತಲಾಗಿ, ಇಳಿಯುವಲ್ಲಿ ವಿಮಾನ ಮಗುಚಿತು. ಮುಂದೆಯೂ ಅಪಘಾತಗಳು ನಿಲ್ಲದೆ ಅಂಚೆ ಇಲಾಖೆ ಗುತ್ತಿಗೆಯನ್ನೇ ಕೊನೆಗೊಳಿಸಿತು. 1929ರ ನವೆಂಬರ್‌ನಲ್ಲಿ ಸೈಬೀರಿಯದ ಕರಾವಳಿಯಲ್ಲಿ ಮಂಜಿಗೆ ಸಿಕ್ಕ ಹಡಗಿನಿಂದ ಜನರನ್ನೂ ತುಪ್ಪಳವನ್ನೂ ತರಲು ಹೋದ ಐಯೆಲ್ಸನ್ ಮತ್ತು ಮೆಕ್ಯಾನಿಕ್ ಅರ್ಲ್ ಬೋರ್ಲೆಂಡ್ ಹಿಂತಿರುಗಲಿಲ್ಲ. ಅವಶೇಷ ಕಣ್ಣಿಗೆ ಬಿದ್ದದ್ದು ಜನವರಿಯಲ್ಲಿ.

ಇಂಥ ಸಾವುಗಳ ನಡುವೆಯೇ ಪೈಲಟ್‌ಗಳೂ ಮೆಕ್ಯಾನಿಕ್‌ಗಳೂ ಕಂಡುಕೊಂಡ ಉಪಾಯಗಳನ್ನು ನೋಡಿ! ಸಂಜೆ ಇಳಿದೊಡನೆ, ಎಂಜಿನ್ ಬಿಸಿಯಿರುವಾಗಲೇ ಆಯಿಲನ್ನು ಡಬ್ಬಕ್ಕೆ ಬಸಿದುಕೊಳ್ಳಬೇಕು. ರಾತ್ರಿ ಬಿಟ್ಟರೆ ಅದು ಹರಳೆಣ್ಣೆಗಿಂತ ಮಂದವಾಗಿ ಕೂತುಬಿಡುತ್ತದೆ. ಬೆಳಿಗ್ಗೆ ಅದನ್ನು ಒಲೆಯ ಮೇಲೆ ಕಾಯಿಸಬೇಕು. ಎಂಜಿನ್‌ಗೆ ನೆಲ ಮುಟ್ಟುವ ಹಾಗೆ ಕ್ಯಾನ್ವಾಸ್ ಹೊದಿಸಿ, ಅಡಿಯಲ್ಲಿ ಬೆಂಕಿಯ ಸ್ಟೋವ್ ಇಟ್ಟು ಬಿಸಿಮಾಡಬೇಕು. ಪಕ್ಕದಲ್ಲೇ ಪೆಟ್ರೋಲ್! ಮೆಕ್ಯಾನಿಕ್ ಆ ಕ್ಯಾನ್ವಾಸಿನೊಳಗೇ ಕೂತು ಕಣ್ಣು ಮಿಟುಕಿಸದೆ ಕಾಯಬೇಕು. ಸ್ಕೀಗಳು ಮಂಜಿಗೆ ಅಂಟದಂತೆ ಅಡಿಗೆ ಮರದ ಕಂಬ ಹಾಕಬೇಕು. ಎಲ್ಲೆಲ್ಲೂ ಬಿಳುಪೇ ಆದಾಗ ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ತಿಳಿಯದು. ಆಗ ಹಿಮದ ಮೇಲೆ ಸ್ಪ್ರೂಸ್ ಮರದ ಕೊಂಬೆಗಳನ್ನು ಹರಡುತ್ತಿದ್ದರು. ಆ ಕಪ್ಪು ಗುರುತುಗಳಿಂದಲೇ ಪೈಲಟ್‌ಗೆ ಎತ್ತರದ ಅಂದಾಜು. ಇದಕ್ಕಿಂತ ಸರಳ, ಇದಕ್ಕಿಂತ ಚತುರ ಸಾಧನ ಇನ್ನೊಂದಿದ್ದೀತೇ?

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು 1929ರ ಸೆಪ್ಟೆಂಬರ್‌ನ ಘಟನೆ. ಗಣಿ ಹುಡುಕುತ್ತ ಹೊರಟ ಕರ್ನಲ್ ಮೆಕ್ಆಲ್ಪೈನ್ ತಂಡದ ಎಂಟು ಜನ, ಎರಡು ವಿಮಾನಗಳು. ಇಂಧನ ಮುಗಿಯುತ್ತ ಬಂದು ಆರ್ಕ್ಟಿಕ್ ದಡದ ಡೀಸ್ ಪಾಯಿಂಟ್‌ನಲ್ಲಿ ಇಳಿದರು. ಕೆನಡಾ ಅದುವರೆಗೆ ಕಂಡಿರದಷ್ಟು ದೊಡ್ಡ ವೈಮಾನಿಕ ಹುಡುಕಾಟ ನಡೆಯಿತು. ಹುಡುಕಲು ಹೋದ ವಿಮಾನಗಳೇ ಕೆಲವು ಮುರಿದುಬಿದ್ದವು. ಅಷ್ಟೆಲ್ಲ ಹಾರಾಡಿದರೂ ಅವರು ಕಣ್ಣಿಗೆ ಬೀಳಲಿಲ್ಲ. ಅವರಿಗೆ ದಿಕ್ಕಾದವರು ಅಲ್ಲಿನ ಇನ್ಯೂಟ್ ಜನ. ಮೀನು, ಮಾಂಸ ಕೊಟ್ಟರು. ಸಮುದ್ರ ಗಟ್ಟಿಯಾಗುವವರೆಗೆ ಕಾಯಿಸಿದರು. ಮಂಜು ಯಾವಾಗ ಕಾಲು ತಾಳುತ್ತದೆಂದು ಅವರಿಗೆ ಗೊತ್ತಿತ್ತು. ಆಮೇಲೆ ಆ ಮಂಜಿನ ಮೇಲೆಯೇ ಕೇಂಬ್ರಿಜ್ ಬೇ ಠಾಣ್ಯಕ್ಕೆ ನಡೆಸಿಕೊಂಡು ಹೋದರು. ನವೆಂಬರ್ 3ರಂದು ಎಂಟೂ ಜನ ಜೀವಂತ ತಲುಪಿದರು!

ಬುಷ್ ಪೈಲಟ್‌ಗಳ ಸಾಹಸವನ್ನು ಹೊಗಳುವ ಪುಸ್ತಕಗಳು ಬೇಕಾದಷ್ಟಿವೆ. ಅವರ ಧೈರ್ಯಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಮೆಕ್ಆಲ್ಪೈನ್ ತಂಡದ ಕಥೆಯನ್ನು ಯಾರೇ ಹೇಳಲಿ, ಇನ್ಯೂಟರ ಹೆಸರನ್ನು ಪೈಲಟ್‌ಗಳಿಗಿಂತ ಮೊದಲು ಹೇಳಬೇಕು.