ಎರಡು ಗಡಿಯಾರಗಳ ನಡುವಣ ಮೈಸೂರು



ಅರಮನೆಯ ಉತ್ತರ ದ್ವಾರದಿಂದ ದೇವರಾಜ ಮಾರುಕಟ್ಟೆಯವರೆಗಿನ ಹಾದಿಯನ್ನು ಮೈಸೂರಿನವರಾದ ನಾವು ನಿತ್ಯವೂ ತುಳಿಯುತ್ತೇವೆ. ಆದರೆ ನಿತ್ಯವೂ ಕಾಣುವುದನ್ನು ಕಣ್ಣು ಗಮನಿಸುವುದಿಲ್ಲ. ಆದುದರಿಂದ ಇಂದು ಅದೇ ಹಾದಿಯಲ್ಲಿ ಒಮ್ಮೆ ನಿಧಾನವಾಗಿ ನಡೆಯೋಣ.

ದ್ವಾರವನ್ನು ದಾಟಿದೊಡನೆ ಚಾಮರಾಜ ವೃತ್ತ. 1881ರಿಂದ 1894ರ ವರೆಗೆ ರಾಜ್ಯವಾಳಿದ ಹತ್ತನೆಯ ಚಾಮರಾಜ ಒಡೆಯರವರ ವಿಗ್ರಹವು ಅಲ್ಲಿ ನಿಂತಿದೆ. ಸಮೀಪದಲ್ಲಿಯೇ ಅವರ ಪುತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರವರ ವೃತ್ತ. ತಂದೆಯ ವೃತ್ತದಿಂದ ಅನತಿದೂರದಲ್ಲಿ ದೊಡ್ಡ ಗಡಿಯಾರವಿದೆ. ನಾಲ್ವಡಿಯವರು ರಾಜ್ಯಾಧಿಕಾರವನ್ನು ವಹಿಸಿ ಇಪ್ಪತ್ತೈದು ವರ್ಷಗಳು ತುಂಬಿದ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ಕಾಣಿಕೆಯಿದು. 75 ಅಡಿ ಎತ್ತರದ ಈ ಗೋಪುರವು ಕನ್ನಡದ ಅಂಕೆಗಳಲ್ಲಿಯೇ ವೇಳೆಯನ್ನು ತಿಳಿಸುತ್ತದೆ. ಇದರ ನೆರೆಯಲ್ಲಿರುವ ಪುರಭವನವು ದಿವಾನ್ ರಂಗಾಚಾರ್ಲು ಅವರ ಸ್ಮಾರಕ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಆರಂಭವಾದುದು ಅವರ ಕಾಲದಲ್ಲಿಯೇ.

ಇನ್ನೊಂದು ಗಡಿಯಾರವು ಚಿಕ್ಕದು. ವೈಸರಾಯ್ ಡಫ್ರಿನ್ ಅವರ ಭೇಟಿಯ ನೆನಪಿಗಾಗಿ 1886ರಲ್ಲಿ ಎದ್ದ ಅದು ಮಾರುಕಟ್ಟೆಯ ಮುಂದೆ ನಿಂತಿದೆ. ಒಳಗೆ ಮಲ್ಲಿಗೆಯ ಮಾಲೆ, ವೀಳ್ಯದೆಲೆಯ ಕಟ್ಟು, ರಸಬಾಳೆ, ಕುಂಕುಮದ ರಾಶಿ. ಕೈಗಡಿಯಾರವು ಎಲ್ಲರಿಗೂ ಎಟುಕದಿದ್ದ ಕಾಲದಲ್ಲಿ ಅಂಗಡಿಯವನಿಗೂ ಕೊಳ್ಳುವವನಿಗೂ ಅದೇ ವೇಳೆಯ ಪ್ರಮಾಣವಾಗಿತ್ತು. ದೊಡ್ಡ ಗಡಿಯಾರವು ಅರಮನೆಯ ಮಗ್ಗುಲಲ್ಲಿ, ಚಿಕ್ಕ ಗಡಿಯಾರವು ಪೇಟೆಯ ಮಗ್ಗುಲಲ್ಲಿ: ಇವೆರಡರ ನಡುವೆ ಅರಸುತನವೂ ಜನಜೀವನವೂ ಒಂದನ್ನೊಂದು ಸಂಧಿಸುತ್ತವೆ. ಇಂದಿಗೂ ವಿಜಯದಶಮಿಯ ಮೆರವಣಿಗೆಯು ಅರಮನೆಯಿಂದ ಹೊರಟು ಈ ವೃತ್ತಗಳನ್ನೂ ಮಾರುಕಟ್ಟೆಯ ಪಕ್ಕದ ಸಯ್ಯಾಜಿರಾವ್ ರಸ್ತೆಯನ್ನೂ ಹಾದು ಬನ್ನಿಮಂಟಪವನ್ನು ಸೇರುತ್ತದೆ.

ಆದರೆ ಈ ಸಾಲಿನಲ್ಲಿ ಬಿರುಕುಗಳು ಕಂಡಿವೆ. ಇಲ್ಲಿಯೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರಲ್ಲಿ ಕುಸಿದು ನಾಲ್ವರು ಪ್ರಾಣವನ್ನು ತೆತ್ತರು. 2016ರಲ್ಲಿ ಮಾರುಕಟ್ಟೆಯ ಉತ್ತರ ಭಾಗವು ಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರೂ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೆಂದು ಕೆಲವರೂ ವಾದಿಸಿದರು.

ಹಳೆಯ ಗೋಡೆಯ ಮೋಹಕ್ಕಾಗಿ ಜೀವಹಾನಿಯನ್ನು ಸಹಿಸಬೇಕೆಂದು ನಾವು ಹೇಳುವುದಿಲ್ಲ. ಪ್ರಾಣರಕ್ಷಣೆಯೇ ಮೊದಲ ಧರ್ಮ. ಆದರೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡವು ಒಂದೇ ದಿನದಲ್ಲಿ ಮುಪ್ಪಾಗುವುದಿಲ್ಲವೆಂಬುದನ್ನು ಮರೆಯಬಾರದು. ಚಾವಣಿಯಲ್ಲಿ ನೀರು ನಿಲ್ಲುತ್ತದೆ. ಸಂದಿನಲ್ಲಿ ಅರಳಿಯ ಸಸಿ ಬೇರೂರುತ್ತದೆ. ಮೇಲೆ ಬಳಿದ ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡದು. ವರ್ಷಕ್ಕೊಮ್ಮೆ ಚಾವಣಿಯನ್ನು ಶುಚಿಮಾಡಿ, ಸಸಿಯನ್ನು ಬೇರುಸಹಿತ ಕಿತ್ತು, ಗಾರೆಗೆ ಗಾರೆಯನ್ನೇ ತುಂಬುತ್ತ ಬಂದರೆ ಇಂಥ ಗೋಡೆಗಳು ಬಹುಕಾಲ ಬಾಳುವುವು.

ವಿಗ್ರಹಗಳನ್ನು ಉಳಿಸಿಕೊಳ್ಳುವುದು ಸುಲಭ; ಜನರು ದಿನವೂ ಬಳಸುವ ಮಾರುಕಟ್ಟೆಯನ್ನು ಉಳಿಸಿಕೊಳ್ಳುವುದು ಕಷ್ಟ. ಆದರೆ ಮಾರುಕಟ್ಟೆಯಿಲ್ಲದ ಚಿಕ್ಕ ಗಡಿಯಾರವು ಯಾರಿಗೆ ವೇಳೆಯನ್ನು ಹೇಳೀತು? ಮುಂದಿನ ಬಾರಿ ಆ ದಾರಿಯಲ್ಲಿ ಹೋಗುವಾಗ ಒಂದು ಕ್ಷಣ ನಿಂತು ತಲೆಯೆತ್ತಿ ನೋಡಬೇಕೆಂದು ಕೇಳಿಕೊಂಡು ವಿರಮಿಸುತ್ತೇವೆ.